ರಾಯಚೂರು, ದೇವದುರ್ಗ, ಮಾನ್ವಿ: ಯುವಜನರ ಶಿಕ್ಷಣಕ್ಕೆ ನೆರವಿನ ಹಣ ಎಲ್ಲಿದೆ, ಅದು ತಲುಪುವುದು ಹೇಗೆ?

ಕರಾವಳಿಯ ಕಟ್ಟಡ ಕಾಮಗಾರಿಗಳಲ್ಲಿ ಮತ್ತು ರಸ್ತೆ ಕೆಲಸಗಳಲ್ಲಿ ದುಡಿಯುವ ಉತ್ತರ ಕರ್ನಾಟಕದ ಕುಟುಂಬಗಳ ಪೈಕಿ ರಾಯಚೂರು ಜಿಲ್ಲೆಯವರೂ ಇದ್ದಾರೆ. ನಮ್ಮ ಧರ್ಮಕೇಂದ್ರಗಳ ಆಸುಪಾಸಿನಲ್ಲೇ ಅವರ ಶೆಡ್ಡುಗಳಿವೆ. ಇನ್ನೊಂದೆಡೆ ಕರಾವಳಿಯಿಂದ ಹೋದ ಧರ್ಮಗುರುಗಳು ಹಾಗೂ ಧರ್ಮಭಗಿನಿಯರು ಬಳ್ಳಾರಿ ಧರ್ಮಪ್ರಾಂತ್ಯದಲ್ಲಿ ಸೇವೆ ಸಲ್ಲಿಸುತ್ತಾ ಬಂದಿದ್ದಾರೆ. ರಾಯಚೂರು ಜಿಲ್ಲೆ ಸೇರುವುದು ಅದೇ ಧರ್ಮಪ್ರಾಂತ್ಯಕ್ಕೆ. ಆದುದರಿಂದ ಅಲ್ಲಿನ ಮಕ್ಕಳ ಓದಿನ ವಿಷಯ ನಮಗೆ ದೂರದ್ದಲ್ಲ. ಅಲ್ಲಿನ ಯುವಕ ಯುವತಿಯರ ಶಿಕ್ಷಣಕ್ಕೆ ಯಾವ ಯಾವ ಮೂಲದಿಂದ ಹಣ ದೊರೆಯುತ್ತದೆ, ಅದು ಎಲ್ಲಿ ತಡೆಯುತ್ತದೆ, ಧರ್ಮಕೇಂದ್ರಗಳು ಮತ್ತು ಸೇವಾ ಸಂಸ್ಥೆಗಳು ಎಲ್ಲಿ ಕೈ ಹಾಕಿದರೆ ಪ್ರಯೋಜನ ಎಂಬುದನ್ನು ಈ ಲೇಖನದಲ್ಲಿ ತಿಳಿಸಲು ಪ್ರಯತ್ನಿಸಿದ್ದೇವೆ.

ನಮ್ಮ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇವೆ. ಕಾಗದದ ಮೇಲೆ ಮಂಜೂರಾದ ಹಣಕ್ಕೆ ರಾಯಚೂರಿನಲ್ಲಿ ಅಷ್ಟಾಗಿ ಕೊರತೆಯಿಲ್ಲ. ಕೊರತೆ ಇರುವುದು ಸಣ್ಣ ಮೊತ್ತಕ್ಕೆ, ಸರಿಯಾದ ತಿಂಗಳಲ್ಲಿ ಸಿಗಬೇಕಾದ ಕಾಗದಪತ್ರಕ್ಕೆ ಮತ್ತು ಆ ಮಗುವಿನ ಬೆನ್ನಿಗೆ ನಿಂತು ವಿಚಾರಿಸುವ ಒಬ್ಬ ಮನುಷ್ಯನಿಗೆ.

ಹಿಂದುಳಿದಿರುವಿಕೆಯ ಲೆಕ್ಕ

2011ರ ಜನಗಣತಿಯ ಪ್ರಕಾರ ದಕ್ಷಿಣ ಕನ್ನಡದ ಸಾಕ್ಷರತೆ ಶೇ. 88.57, ಉಡುಪಿಯದ್ದು ಶೇ. 86.24. ರಾಯಚೂರಿನದ್ದು ಶೇ. 59.56 ಮಾತ್ರ. ರಾಜ್ಯದಲ್ಲಿ ಅದಕ್ಕಿಂತ ಕೆಳಗೆ ಇದ್ದದ್ದು ಯಾದಗಿರಿ ಒಂದೇ. ರಾಯಚೂರಿನ ಮಹಿಳೆಯರ ಸಾಕ್ಷರತೆ ಶೇ. 48.73, ಅಂದರೆ ಅರ್ಧಕ್ಕಿಂತ ಕಡಿಮೆ. ಜಿಲ್ಲೆಯ ಜನಸಂಖ್ಯೆಯಲ್ಲಿ ಸುಮಾರು ಶೇ. 21ರಷ್ಟು ಪರಿಶಿಷ್ಟ ಜಾತಿಯವರು, ಶೇ. 19ರಷ್ಟು ಪರಿಶಿಷ್ಟ ಪಂಗಡದವರು. ದೇವದುರ್ಗ ಮತ್ತು ಮಾನ್ವಿ ಎರಡೂ ಪರಿಶಿಷ್ಟ ಪಂಗಡಕ್ಕೆ ಮೀಸಲಾದ ವಿಧಾನಸಭಾ ಕ್ಷೇತ್ರಗಳಾಗಿವೆ.

ಈ ಅಂತರಕ್ಕೆ ಇತಿಹಾಸದ ಕಾರಣವೂ ಇದೆ. ಕರಾವಳಿಯಲ್ಲಿ ಹತ್ತೊಂಬತ್ತನೇ ಶತಮಾನದಲ್ಲೇ ಬಾಸೆಲ್ ಮಿಷನ್ ಶಾಲೆಗಳು ನಡೆಯುತ್ತಿದ್ದವು, 1880ರಲ್ಲಿ ಸಂತ ಅಲೋಶಿಯಸ್ ಕಾಲೇಜು ಆರಂಭವಾಯಿತು. ರಾಯಚೂರು 1948ರ ಸೆಪ್ಟೆಂಬರ್‌ವರೆಗೆ ನಿಜಾಮರ ಆಳ್ವಿಕೆಯಲ್ಲಿತ್ತು. ಅಲ್ಲಿ ಶಾಲೆಗಳು ವಿರಳ, ಮೇಲ್ಮಟ್ಟದ ಓದು ಉರ್ದುವಿನಲ್ಲಿ. 1956ರಲ್ಲಿ ಮೈಸೂರು ರಾಜ್ಯಕ್ಕೆ ಸೇರಿದಾಗ ಆ ಜಿಲ್ಲೆ ಎರಡು ಮೂರು ತಲೆಮಾರು ಹಿಂದೆ ಇತ್ತು. ಅಜ್ಜ ಓದದ, ಅಪ್ಪ ಓದದ ಮನೆಯಲ್ಲಿ ಅರ್ಜಿ ತುಂಬಿಸಿಕೊಡುವವರು ಯಾರು?

ಡಾ. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ನೀಡಿದ ವರದಿಯಲ್ಲಿ ರಾಜ್ಯದ 114 ತಾಲೂಕುಗಳನ್ನು ಹಿಂದುಳಿದವು ಎಂದು ಗುರುತಿಸಿ, ಅವುಗಳಲ್ಲಿ 39ನ್ನು ಅತ್ಯಂತ ಹಿಂದುಳಿದವು ಎಂದಿತು. ಈ 39ರ ಪೈಕಿ 21 ಗುಲ್ಬರ್ಗ ವಿಭಾಗದವು. ಮಾನ್ವಿ ಆ ಪಟ್ಟಿಯಲ್ಲಿತ್ತು. ದೇವದುರ್ಗ ಇಡೀ ರಾಜ್ಯದ ಕಟ್ಟಕಡೆಯ ತಾಲೂಕಾಗಿತ್ತು. ಅದೇ ವರದಿ ರಾಯಚೂರಿಗೆ ಐಐಟಿ ಬೇಕೆಂದು ಶಿಫಾರಸು ಮಾಡಿತ್ತು. ಐಐಟಿ 2016ರಲ್ಲಿ ಧಾರವಾಡಕ್ಕೆ ಹೋಯಿತು. ಅನಂತರ 2019ರಲ್ಲಿ ರಾಯಚೂರಿಗೆ ಐಐಐಟಿ ದೊರೆಯಿತು. ಏಮ್ಸ್ ಬೇಕೆಂದು ರಾಯಚೂರು ನಗರದಲ್ಲಿ 2022ರ ಮೇ ತಿಂಗಳಲ್ಲಿ ಆರಂಭವಾದ ಧರಣಿ ಸಾವಿರ ದಿನ ದಾಟಿತು. ಅಲ್ಲಿನ ಜನರ ಮನಸ್ಸಿನಲ್ಲಿ ಈ ನೋವು ಇದೆ ಎಂಬುದನ್ನು ಹೊರಗಿನಿಂದ ಸಹಾಯಕ್ಕೆ ಹೋಗುವವರು ತಿಳಿದಿರುವುದು ಒಳ್ಳೆಯದು.

ದೊಡ್ಡ ಹಣ

ಸಂವಿಧಾನದ 98ನೇ ತಿದ್ದುಪಡಿಯ ಮೂಲಕ ಬಂದ 371(ಜೆ) ಅನುಚ್ಛೇದದ ಪ್ರಕಾರ 2013ರಿಂದ ಈ ಭಾಗಕ್ಕೆ ವಿಶೇಷ ಸ್ಥಾನಮಾನವಿದೆ. ಈ ಭಾಗದ ಶಿಕ್ಷಣ ಸಂಸ್ಥೆಗಳಲ್ಲಿ ಶೇ. 70, ರಾಜ್ಯದ ಉಳಿದ ಕಡೆ ಶೇ. 8 ಸೀಟುಗಳು ಸ್ಥಳೀಯರಿಗೆ ಮೀಸಲು. ಸರ್ಕಾರಿ ಉದ್ಯೋಗದಲ್ಲಿಯೂ ಈ ಭಾಗದ ಹುದ್ದೆಗಳಿಗೆ ಇಂತಹ ಮೀಸಲಾತಿ ಇದೆ. ಅಭಿವೃದ್ಧಿ ಮಂಡಳಿ 2019ರಲ್ಲಿ ಕಲ್ಯಾಣ ಕರ್ನಾಟಕ ಎಂಬ ಹೊಸ ಹೆಸರು ಪಡೆಯಿತು. ವರ್ಷಕ್ಕೆ 1,500 ಕೋಟಿ ರೂ. ಇದ್ದ ಅದರ ಅನುದಾನ 2022-23ರಲ್ಲಿ 3,000 ಕೋಟಿಗೆ, 2023-24ರಲ್ಲಿ 5,000 ಕೋಟಿಗೆ ಏರಿತು. ಕೇಂದ್ರ ಸರ್ಕಾರವೂ 2018ರಲ್ಲಿ ರಾಯಚೂರು ಮತ್ತು ಯಾದಗಿರಿಯನ್ನು ಮಹತ್ವಾಕಾಂಕ್ಷೆಯ ಜಿಲ್ಲೆಗಳ ಪಟ್ಟಿಗೆ ಸೇರಿಸಿತು.

ಈ ಹಣದಿಂದ ಕೊಠಡಿ, ಹಾಸ್ಟೆಲ್, ರಸ್ತೆ ಆಗುತ್ತವೆ. ಅದು ಬೇಕು. ಆದರೆ 371(ಜೆ) ಸೀಟು ಪಡೆಯಲು ವಿದ್ಯಾರ್ಥಿಯ ಕೈಯಲ್ಲಿ ಉಪವಿಭಾಗಾಧಿಕಾರಿಗಳು ನೀಡುವ ಅರ್ಹತಾ ಪತ್ರ ಇರಬೇಕು. ಸಿಇಟಿ ಬರೆದ ಮೇಲೆ ಅದಕ್ಕಾಗಿ ಓಡಾಡುವವರು ಹಲವರು. ಪಿಯುಸಿ ಮೊದಲ ವರ್ಷದಲ್ಲೇ ಅದನ್ನು ಮಾಡಿಸಿಟ್ಟರೆ ಕೊನೆಯ ಗಳಿಗೆಯ ಗಡಿಬಿಡಿ ತಪ್ಪುತ್ತದೆ.

ವಿದ್ಯಾರ್ಥಿಯ ಖಾತೆಗೆ ಬರುವ ಹಣ

ಪರಿಶಿಷ್ಟ ಜಾತಿಯ 9 ಮತ್ತು 10ನೇ ತರಗತಿಯ ಮಕ್ಕಳಿಗೆ ಮನೆಯಿಂದ ಹೋಗಿ ಬರುವವರಾದರೆ ವರ್ಷಕ್ಕೆ 3,500 ರೂ., ಹಾಸ್ಟೆಲಿನಲ್ಲಿದ್ದರೆ 7,000 ರೂ. ವಿದ್ಯಾರ್ಥಿವೇತನ ಕೇಂದ್ರದ ಯೋಜನೆಯಲ್ಲಿದೆ. ಎಸ್‌ಎಸ್‌ಎಲ್‌ಸಿ ನಂತರದ ಓದಿಗೆ ಶುಲ್ಕದ ಜೊತೆಗೆ ಕೋರ್ಸಿಗೆ ತಕ್ಕಂತೆ 2,500ರಿಂದ 13,500 ರೂ.ವರೆಗೆ ಭತ್ಯೆ ಇದೆ. ಕುಟುಂಬದ ವಾರ್ಷಿಕ ಆದಾಯದ ಮಿತಿ ಎರಡಕ್ಕೂ 2.5 ಲಕ್ಷ ರೂ. ಹಿಂದುಳಿದ ವರ್ಗದವರಿಗೆ, ಹಾಸ್ಟೆಲ್ ಸಿಗದೆ ಹೊರಗೆ ಉಳಿದು ಓದುವವರಾದರೆ, ವಿದ್ಯಾಸಿರಿ ಯೋಜನೆಯಡಿ ತಿಂಗಳಿಗೆ 1,500 ರೂ.ನಂತೆ ಹತ್ತು ತಿಂಗಳ ನೆರವು 2013-14ರಲ್ಲಿ ಆರಂಭವಾಯಿತು.

ಜಾತಿಯ ಪ್ರಶ್ನೆಯಿಲ್ಲದ ಒಂದು ನೆರವನ್ನು ಸೇವಾಕರ್ತರು ವಿಶೇಷವಾಗಿ ಗಮನಿಸಬೇಕು. ಸರ್ಕಾರಿ ಮತ್ತು ಅನುದಾನಿತ ಶಾಲೆಗಳ 8ನೇ ತರಗತಿಯ ಮಕ್ಕಳಿಗೆ ಎನ್‌ಎಂಎಂಎಸ್ ಪರೀಕ್ಷೆ ನಡೆಯುತ್ತದೆ. ಆಯ್ಕೆಯಾದವರಿಗೆ 9ರಿಂದ ದ್ವಿತೀಯ ಪಿಯುಸಿವರೆಗೆ ವರ್ಷಕ್ಕೆ 12,000 ರೂ. ಸಿಗುತ್ತದೆ, ಒಟ್ಟು 48,000 ರೂ. ಆದಾಯ ಮಿತಿ 3.5 ಲಕ್ಷ. ಪರೀಕ್ಷೆಯಲ್ಲಿ ಬೌದ್ಧಿಕ ಸಾಮರ್ಥ್ಯದ ಪ್ರಶ್ನೆಪತ್ರಿಕೆ ಒಂದು, ಪಾಠದ ಪ್ರಶ್ನೆಪತ್ರಿಕೆ ಇನ್ನೊಂದು. ಹಳ್ಳಿಯ ಮಕ್ಕಳು ಎಡವುವುದು ಮೊದಲನೆಯದರಲ್ಲಿ, ಏಕೆಂದರೆ ಅಂತಹ ಪ್ರಶ್ನೆಗಳನ್ನು ಅವರು ಮೊದಲು ನೋಡಿಯೇ ಇರುವುದಿಲ್ಲ. ಮೂರು ತಿಂಗಳು ಶನಿವಾರ ಮಧ್ಯಾಹ್ನ ಹೇಳಿಕೊಟ್ಟರೆ ಸಾಕು, ವ್ಯತ್ಯಾಸ ಕಾಣುತ್ತದೆ. ದಾನಿಗಳ ಹಣ ಬೇಡದ, ಒಬ್ಬ ಸ್ವಯಂಸೇವಕನ ಸಮಯ ಮಾತ್ರ ಬೇಕಾದ ಕೆಲಸವಿದು.

ಸರ್ಕಾರಿ ಶಾಲೆ ಕಾಲೇಜುಗಳಲ್ಲಿ 10 ಮತ್ತು 12ನೇ ತರಗತಿ ಮುಗಿಸಿ ಪದವಿ ಅಥವಾ ಡಿಪ್ಲೊಮಾ ಸೇರುವ ಹೆಣ್ಣುಮಕ್ಕಳಿಗೆ ಅಜೀಂ ಪ್ರೇಮ್‌ಜಿ ಫೌಂಡೇಶನ್ ವರ್ಷಕ್ಕೆ 30,000 ರೂ. ನೀಡುವ ಯೋಜನೆ 2025ರಲ್ಲಿ ಕರ್ನಾಟಕಕ್ಕೂ ಬಂದಿದೆ. ದೇವದುರ್ಗದಂತಹ ಕಡೆ ಹೆಣ್ಣುಮಕ್ಕಳು ಹೆಚ್ಚಾಗಿ ಓದುವುದು ಸರ್ಕಾರಿ ಶಾಲೆಗಳಲ್ಲೇ ಆದುದರಿಂದ ಇದು ನಿಜಕ್ಕೂ ದೊಡ್ಡ ಸಹಾಯ.

ಎಲ್ಲಿ ತಡೆಯುತ್ತದೆ?

2019-20ರಿಂದ ರಾಜ್ಯದ ವಿದ್ಯಾರ್ಥಿವೇತನಗಳಿಗೆ ಎಸ್‌ಎಸ್‌ಪಿ ಎಂಬ ಒಂದೇ ಅಂತರ್ಜಾಲ ವ್ಯವಸ್ಥೆ ಇದೆ. ಒಳ್ಳೆಯ ವ್ಯವಸ್ಥೆಯೇ. ಆದರೆ ಅದಕ್ಕೆ ಮಗುವಿನ ಆಧಾರ್, ಶಾಲೆಯ ಸ್ಯಾಟ್ಸ್ ಸಂಖ್ಯೆ, ನಾಡಕಚೇರಿಯ ಜಾತಿ ಮತ್ತು ಆದಾಯ ಪತ್ರಗಳ ಆರ್‌ಡಿ ಸಂಖ್ಯೆ, ಆಧಾರ್ ಜೋಡಣೆಯಾದ ಬ್ಯಾಂಕ್ ಖಾತೆ ಎಲ್ಲವೂ ಬೇಕು ಮತ್ತು ಎಲ್ಲದರಲ್ಲೂ ಹೆಸರು ಒಂದೇ ರೀತಿ ಇರಬೇಕು. ಶಾಲೆಯಲ್ಲಿ ಹನುಮಂತಿ, ಆಧಾರ್‌ನಲ್ಲಿ ಹಣಮಂತಮ್ಮ ಎಂದಿದ್ದರೆ ಅರ್ಜಿ ಅಲ್ಲಿಗೇ ನಿಂತಿತು. ತಿದ್ದಿಸಲು ತಾಲೂಕು ಕೇಂದ್ರಕ್ಕೆ ಎರಡು ಮೂರು ಬಾರಿ ಹೋಗಬೇಕು. ಪ್ರತಿ ಬಾರಿಯೂ ತಂದೆ ಅಥವಾ ತಾಯಿಯ ಒಂದು ದಿನದ ಕೂಲಿ ಹೋಗುತ್ತದೆ. 2023ರ ಜೂನ್‌ನಿಂದ ಶಕ್ತಿ ಯೋಜನೆಯಡಿ ಮಹಿಳೆಯರಿಗೆ ಸರ್ಕಾರಿ ಬಸ್ ಪ್ರಯಾಣ ಉಚಿತವಾದ ಮೇಲೆ ತಾಯಂದಿರೇ ಹೋಗಿ ಬರುವುದಕ್ಕೆ ಒಂದು ದಾರಿಯಾಗಿದೆ. ಕೂಲಿಯ ನಷ್ಟ ಮಾತ್ರ ಹಾಗೆಯೇ ಉಳಿದಿದೆ.

ಆದಾಯ ಪತ್ರದ ಅವಧಿ ಐದು ವರ್ಷ ಎಂಬುದೂ ನೆನಪಿರಲಿ. 6ನೇ ತರಗತಿಯಲ್ಲಿ ಮಾಡಿಸಿದ್ದು ಪಿಯುಸಿ ಸೇರುವ ಹೊತ್ತಿಗೆ, ಅತ್ಯಂತ ಅಗತ್ಯವಿರುವಾಗಲೇ, ಮುಗಿದಿರುತ್ತದೆ.

ಇದಕ್ಕಿಂತ ದೊಡ್ಡ ತಡೆ ಗುಳೆ. ಮುಂಗಾರು ಬೆಳೆ ಮುಗಿದ ಮೇಲೆ ಕೆಲಸವಿಲ್ಲದೆ ಕುಟುಂಬಗಳು ಬೆಂಗಳೂರು, ಹೈದರಾಬಾದ್, ಪುಣೆ, ಕರಾವಳಿ ಕಡೆಗೆ ಹೊರಡುವುದನ್ನು ಅಲ್ಲಿ ಗುಳೆ ಎನ್ನುತ್ತಾರೆ. ದೇವದುರ್ಗದ ಒಂದು ಭಾಗಕ್ಕೆ ನಾರಾಯಣಪುರ ಬಲದಂಡೆ ಕಾಲುವೆಯ ನೀರಿದೆ. ಮಾನ್ವಿಗೆ ತುಂಗಭದ್ರಾ ಎಡದಂಡೆ ಕಾಲುವೆ ಇದ್ದರೂ ಕೊನೆಯ ಭಾಗದ ಹೊಲಗಳಿಗೆ ನೀರು ತಲುಪುವುದೇ ಪ್ರತಿವರ್ಷದ ಹೋರಾಟ. ಉಳಿದ ಒಣಭೂಮಿಯವರಿಗೆ, ಭೂಮಿಯೇ ಇಲ್ಲದವರಿಗೆ ಗುಳೆಯೇ ಗತಿ. ಮಕ್ಕಳೂ ಜೊತೆಗೆ ಹೋಗುತ್ತಾರೆ. ಹೋಗದವರಿಗೆ ಹತ್ತಿ ಹೊಲ ಕಾದಿರುತ್ತದೆ. ಹತ್ತಿ ಬಿಡಿಸುವ ಕಾಲದಲ್ಲಿ ಗೂಡ್ಸ್ ವಾಹನಗಳಲ್ಲಿ ಮಕ್ಕಳನ್ನು ಕರೆದೊಯ್ಯುವುದನ್ನು ಅಧಿಕಾರಿಗಳು ತಡೆದ ಸುದ್ದಿ ರಾಯಚೂರಿನಿಂದ ಮತ್ತೆ ಮತ್ತೆ ಬರುತ್ತದೆ. ಜನವರಿಯಲ್ಲಿ ಶಾಲೆಗೆ ಮರಳಿದ ಮಗು ಅರ್ಧ ವರ್ಷದ ಪಾಠ ಕಳೆದುಕೊಂಡಿರುತ್ತದೆ. ಅರ್ಜಿಯ ಕೊನೆಯ ದಿನವೂ ಕಳೆದುಹೋಗಿರಬಹುದು.

ಮೂರನೆಯದು ಹಣ ಬರುವ ಸಮಯ. ಪ್ರವೇಶ ಜೂನ್, ಜುಲೈನಲ್ಲಿ. ಹಲವು ಖಾಸಗಿ ಕಾಲೇಜುಗಳು ಅಂದೇ ಶುಲ್ಕ ಕೇಳುತ್ತವೆ. ವಿದ್ಯಾರ್ಥಿವೇತನ ಖಾತೆಗೆ ಬೀಳುವುದು ವರ್ಷದ ಕೊನೆಗೆ, ಕೆಲವೊಮ್ಮೆ ಮುಂದಿನ ವರ್ಷಕ್ಕೆ. ನಡುವಿನ ಈ ಎಂಟು ಹತ್ತು ತಿಂಗಳಿಗೆ ಬೇಕಾಗುವ ಕೆಲವು ಸಾವಿರ ರೂಪಾಯಿ ಇಲ್ಲದೆ ಹುಡುಗಿಯರು ಓದು ಬಿಡುತ್ತಾರೆ. ಮನೆಯವರು ಅಷ್ಟರೊಳಗೆ ಮದುವೆಯ ಮಾತು ಎತ್ತಿರುತ್ತಾರೆ.

ದಲಿತ ಕ್ರೈಸ್ತ ಮಕ್ಕಳ ವಿಷಯ

ಇದನ್ನು ನಾವು ಬೇರೆಯಾಗಿಯೇ ಹೇಳಬೇಕಾಗಿದೆ. 1950ರ ರಾಷ್ಟ್ರಪತಿಗಳ ಆದೇಶದ ಪ್ರಕಾರ ಪರಿಶಿಷ್ಟ ಜಾತಿಯ ಸ್ಥಾನಮಾನ ಹಿಂದೂಗಳಿಗೆ, 1956ರ ನಂತರ ಸಿಖ್ಖರಿಗೆ, 1990ರ ನಂತರ ಬೌದ್ಧರಿಗೆ ಮಾತ್ರ. ಕ್ರೈಸ್ತ ಧರ್ಮ ಸ್ವೀಕರಿಸಿದ ದಲಿತ ಕುಟುಂಬದ ಮಗುವಿಗೆ ಮೇಲೆ ಹೇಳಿದ ಪರಿಶಿಷ್ಟ ಜಾತಿಯ ನೆರವು ದೊರೆಯುವುದಿಲ್ಲ. ಅಂತಹ ಕುಟುಂಬಗಳನ್ನು ಕರ್ನಾಟಕದ ಹಿಂದುಳಿದ ವರ್ಗಗಳ ಪಟ್ಟಿ ಪ್ರವರ್ಗ-1ರಲ್ಲಿ ಸೇರಿಸಿದೆ. ಇತರ ಕ್ರೈಸ್ತರು 3ಬಿಯಲ್ಲಿ ಬರುತ್ತಾರೆ. ಈ ವ್ಯತ್ಯಾಸ ಗೊತ್ತಿಲ್ಲದೆ 3ಬಿ ಪತ್ರ ಮಾಡಿಸಿ ಸೌಲಭ್ಯ ಕಳೆದುಕೊಳ್ಳುವ ಸಾಧ್ಯತೆಯಿದೆ. ಪರಿಶಿಷ್ಟ ಪಂಗಡಕ್ಕೆ ಧರ್ಮದ ನಿರ್ಬಂಧವಿಲ್ಲ. ಯಾವುದೇ ಕಾರಣಕ್ಕೂ ಪತ್ರದಲ್ಲಿ ಸುಳ್ಳು ಮಾಹಿತಿ ಬರೆಸುವ ಸಲಹೆಯನ್ನು ಸೇವಾಕರ್ತರು ಕೊಡಬಾರದು. ನೌಕರಿ ಸಿಕ್ಕ ಮೇಲೆ ಪರಿಶೀಲನೆಯಲ್ಲಿ ಅದು ಆ ಯುವಕನ ಕುತ್ತಿಗೆಗೇ ಬರುತ್ತದೆ.

ಅಲ್ಪಸಂಖ್ಯಾತರ ಕೇಂದ್ರ ವಿದ್ಯಾರ್ಥಿವೇತನವನ್ನು ನಂಬಿ ಕುಳಿತಿದ್ದವರಿಗೂ 2022ರಲ್ಲಿ ಪೆಟ್ಟು ಬಿತ್ತು. 1ರಿಂದ 8ನೇ ತರಗತಿಯವರೆಗಿನ ಮೆಟ್ರಿಕ್ ಪೂರ್ವ ನೆರವನ್ನು, ಆ ಹಂತದ ಶಿಕ್ಷಣ ಕಾಯಿದೆಯಂತೆ ಉಚಿತವೇ ಆಗಿದೆ ಎಂಬ ಕಾರಣ ನೀಡಿ, ನಿಲ್ಲಿಸಲಾಯಿತು. ಮರುವರ್ಷ ಹಲವು ರಾಜ್ಯಗಳಲ್ಲಿ ನಕಲಿ ಸಂಸ್ಥೆಗಳ ಹೆಸರಿನಲ್ಲಿ ಹಣ ಪಡೆದ ಪ್ರಕರಣ ಸಿಬಿಐಗೆ ಹೋಯಿತು.

ಧರ್ಮಸಭೆಯ ಮತ್ತು ಕಂಪನಿಗಳ ಹಣ

ಮಾನ್ವಿ ಪಟ್ಟಣ ಮತ್ತು ಆ ತಾಲೂಕಿನ ಪನ್ನೂರಿನಲ್ಲಿ ಯೇಸುಸಭೆಯ ಗುರುಗಳು ಮುಖ್ಯವಾಗಿ ದಲಿತ ಮಕ್ಕಳಿಗಾಗಿ ಶಾಲೆಗಳನ್ನು ನಡೆಸುತ್ತಿರುವುದು ವಾಚಕರಲ್ಲಿ ಹಲವರಿಗೆ ತಿಳಿದಿದೆ. ಇಂತಹ ಕೆಲಸಗಳಿಗೆ ಹಿಂದೆ ಯುರೋಪಿನ ಕಥೋಲಿಕ ನೆರವು ಸಂಸ್ಥೆಗಳ ಹಣವೇ ಆಧಾರವಾಗಿರುತ್ತಿತ್ತು. 2020ರ ಸೆಪ್ಟೆಂಬರ್‌ನಲ್ಲಿ ವಿದೇಶಿ ದೇಣಿಗೆ ಕಾಯಿದೆಗೆ ತಿದ್ದುಪಡಿ ಬಂದ ಮೇಲೆ ಪರಿಸ್ಥಿತಿ ಬದಲಾಗಿದೆ. ಹಣವನ್ನು ದೆಹಲಿಯ ಸ್ಟೇಟ್ ಬ್ಯಾಂಕ್ ಮುಖ್ಯ ಶಾಖೆಯ ಖಾತೆಯಲ್ಲೇ ಮೊದಲು ಪಡೆಯಬೇಕು. ಆಡಳಿತ ವೆಚ್ಚದ ಮಿತಿ ಶೇ. 50ರಿಂದ 20ಕ್ಕೆ ಇಳಿಯಿತು. ಎಲ್ಲಕ್ಕಿಂತ ಮುಖ್ಯವಾಗಿ, ಒಂದು ಸಂಸ್ಥೆ ಪಡೆದ ವಿದೇಶಿ ಹಣವನ್ನು ಇನ್ನೊಂದು ಸಂಸ್ಥೆಗೆ ಹಂಚುವಂತಿಲ್ಲ. ಧರ್ಮಪ್ರಾಂತ್ಯದ ದೊಡ್ಡ ಸಂಸ್ಥೆಯೊಂದು ಹಣ ತಂದು ಹಳ್ಳಿಯ ಸಣ್ಣ ಕಾನ್ವೆಂಟಿನ ಸಂಜೆ ಶಾಲೆಗೆ ಕೊಡುವ ಹಳೆಯ ಕ್ರಮ ಅಲ್ಲಿಗೆ ಮುಗಿಯಿತು.

ಕರಾವಳಿಯವರಿಗೆ ಸಂಬಂಧಿಸಿದ ಒಂದು ಅಂಶ ಇಲ್ಲಿದೆ. ಗಲ್ಫಿನಲ್ಲಿ ದುಡಿಯುವ, ಭಾರತೀಯ ಪಾಸ್‌ಪೋರ್ಟ್ ಇರುವ ನಮ್ಮವರು ತಮ್ಮ ಸ್ವಂತ ಉಳಿತಾಯದಿಂದ ಬ್ಯಾಂಕ್ ಮೂಲಕ ಕಳುಹಿಸುವ ದೇಣಿಗೆ ಕಾಯಿದೆಯ ದೃಷ್ಟಿಯಲ್ಲಿ ವಿದೇಶಿ ದೇಣಿಗೆ ಅಲ್ಲ. ಆದರೆ ಕೆನಡಾ, ಬ್ರಿಟನ್ ಮುಂತಾದ ದೇಶಗಳ ಪೌರತ್ವ ಪಡೆದವರು ಕೊಟ್ಟರೆ, ಅವರಿಗೆ ಒಸಿಐ ಕಾರ್ಡ್ ಇದ್ದರೂ, ಅದು ವಿದೇಶಿ ದೇಣಿಗೆಯೇ. ರಶೀದಿ ಬರೆಯುವ ಮೊದಲು ದಾನಿಯ ಪಾಸ್‌ಪೋರ್ಟ್ ಯಾವುದೆಂದು ಕೇಳಿ, ಅದರ ಪ್ರತಿಯನ್ನು ಕಡತದಲ್ಲಿಡಿ.

ಕಂಪನಿಗಳ ಸಾಮಾಜಿಕ ಹೊಣೆಗಾರಿಕೆಯ ಹಣ, ಅಂದರೆ ಸಿಎಸ್‌ಆರ್, 2014ರ ಏಪ್ರಿಲ್‌ನಿಂದ ಕಡ್ಡಾಯವಾಗಿದೆ. ವರ್ಷಕ್ಕೆ 5 ಕೋಟಿ ಲಾಭ, ಅಥವಾ 1,000 ಕೋಟಿ ವಹಿವಾಟು, ಅಥವಾ 500 ಕೋಟಿ ನಿವ್ವಳ ಆಸ್ತಿ ಇರುವ ಕಂಪನಿ ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದ ಶೇ. 2ನ್ನು ಖರ್ಚು ಮಾಡಬೇಕು ಮತ್ತು ತಾನು ಇರುವ ಪ್ರದೇಶಕ್ಕೆ ಆದ್ಯತೆ ನೀಡಬೇಕು. ತೊಂದರೆ ಇರುವುದೇ ಇಲ್ಲಿ. ಬೆಂಗಳೂರಿನ ಸುತ್ತ ಕಂಪನಿಗಳಿವೆ, ಹಣವೂ ಅಲ್ಲೇ ಸುತ್ತುತ್ತದೆ. ರಾಯಚೂರಿನಲ್ಲಿ ಹೇಳಿಕೊಳ್ಳುವಂತಹವು ಶಕ್ತಿನಗರ ಮತ್ತು ಯರಮರಸ್‌ನ ಉಷ್ಣ ವಿದ್ಯುತ್ ಸ್ಥಾವರಗಳು, ಲಿಂಗಸುಗೂರು ತಾಲೂಕಿನ ಹಟ್ಟಿ ಚಿನ್ನದ ಗಣಿ. ಉಳಿದಂತೆ ಅಕ್ಕಿ ಗಿರಣಿಗಳು ಮತ್ತು ಹತ್ತಿ ಜಿನ್ನಿಂಗ್ ಕಾರ್ಖಾನೆಗಳು, ಹೆಚ್ಚಿನವು ಕಾಯಿದೆಯ ಮಿತಿಗಿಂತ ಸಣ್ಣವು.

ಸಿಎಸ್‌ಆರ್ ಹಣಕ್ಕೆ ಅರ್ಜಿ ಹಾಕುವ ಸಂಸ್ಥೆ ನೋಂದಾಯಿತವಾಗಿರಬೇಕು, ಮೂರು ವರ್ಷಗಳ ಕೆಲಸದ ದಾಖಲೆ ಇರಬೇಕು, 2021ರ ಏಪ್ರಿಲ್‌ನಿಂದ ಸಿಎಸ್‌ಆರ್-1 ಸಂಖ್ಯೆಯೂ ಬೇಕು. ನಿಯಮದಲ್ಲಿ ನಮಗೆ ಅನುಕೂಲವಾದ ಒಂದು ಅವಕಾಶವಿದೆ. ಮುಂದುವರಿಯುವ ಯೋಜನೆ ಎಂದು ಕಂಪನಿ ಒಪ್ಪಿದರೆ ಆರಂಭದ ವರ್ಷ ಬಿಟ್ಟು ಇನ್ನೂ ಮೂರು ವರ್ಷ ಹಣ ನೀಡಬಹುದು. ಒಟ್ಟು ನಾಲ್ಕು ವರ್ಷ: 9ನೇ ತರಗತಿಯಿಂದ ದ್ವಿತೀಯ ಪಿಯುಸಿವರೆಗೆ ಸರಿಯಾಗಿ ಅಷ್ಟೇ. ಒಂದೇ ತಂಡದ ಅರುವತ್ತು ಮಕ್ಕಳನ್ನು ನಾಲ್ಕು ವರ್ಷ ಕೈಬಿಡದೆ ಓದಿಸುತ್ತೇವೆ, ಪ್ರತಿ ವರ್ಷ ಎಷ್ಟು ಮಂದಿ ಉಳಿದರೆಂದು ಲೆಕ್ಕ ಕೊಡುತ್ತೇವೆ ಎಂಬ ಅರ್ಜಿ, ಸಭಾಭವನ ಕಟ್ಟಿಕೊಡಿ ಎಂಬ ಅರ್ಜಿಗಿಂತ ಮೇಲು. ಕಟ್ಟಡಕ್ಕೆ ಕಲ್ಲಿನ ಮೇಲೆ ಹೆಸರು ಕೆತ್ತಿಸಬಹುದು ಎಂಬ ಆಸೆ ದಾನಿಗಳಿಗೆ ಇರುತ್ತದೆ, ನಿಜ. ಆದರೆ ದೇವದುರ್ಗದ ಒಂದು ಹಳ್ಳಿಯಲ್ಲಿ ಮನೆ ಮನೆಗೆ ಹೋಗಿ ಕಾಗದಪತ್ರ ಸರಿಪಡಿಸುವ, ಅದೇ ಊರಿನ ಪದವೀಧರ ಹುಡುಗಿಗೆ ಸಂಬಳ ಕೊಡುವುದು ಹೆಚ್ಚು ಮಕ್ಕಳಿಗೆ ಉಪಯೋಗವಾಗುತ್ತದೆಂದು ನಮ್ಮ ನಂಬಿಕೆ.

ಓದಿನ ನಂತರ

ಪದವಿ ಮುಗಿಸಿದವರಿಗೆ ಯುವನಿಧಿ ಯೋಜನೆಯಡಿ ತಿಂಗಳಿಗೆ 3,000 ರೂ., ಡಿಪ್ಲೊಮಾದವರಿಗೆ 1,500 ರೂ. ಗರಿಷ್ಠ ಎರಡು ವರ್ಷ ನೀಡುವ ಯೋಜನೆ 2024ರ ಜನವರಿಯಲ್ಲಿ ಆರಂಭವಾಯಿತು. ಅದು ಕೆಲಸ ಹುಡುಕುವ ಕಾಲದ ಊಟದ ಖರ್ಚಿಗೆ ಸರಿ. ಬದುಕು ಬದಲಾಗಬೇಕಾದರೆ ಕೈಗೆ ಕೆಲಸ ಬೇಕು. ಲಿಂಗಸುಗೂರಿನಲ್ಲಿ ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರ, ಜನರ ಬಾಯಲ್ಲಿ ಜಿಟಿಟಿಸಿ, ಇದೆ. ಅಲ್ಲಿನ ಡಿಪ್ಲೊಮಾ ಎಸ್‌ಎಸ್‌ಎಲ್‌ಸಿ ಆದವರಿಗೆ ತೆರೆದಿದೆ. ಕಲಾ ವಿಭಾಗದ ಪದವಿ ಮುಗಿಸಿ ಸರ್ಕಾರಿ ನೌಕರಿಗಾಗಿ ವರ್ಷಗಟ್ಟಲೆ ಕಾಯುವ ಹುಡುಗರಿಗೆ ಹತ್ತನೇ ತರಗತಿಯಲ್ಲೇ ಈ ದಾರಿಯನ್ನು ಯಾರಾದರೂ ತೋರಿಸಿದ್ದರೆ ಎಂದು ಅನಿಸುತ್ತದೆ.

ಕರಾವಳಿಯ ಧರ್ಮಕೇಂದ್ರಗಳು ಮಾಡಬಹುದಾದದ್ದು

ವಿದ್ಯಾರ್ಥಿವೇತನ ಬರುವವರೆಗಿನ ನಡುವಿನ ಅವಧಿಗೆ ಒಂದು ಆವರ್ತ ನಿಧಿ ಇಡುವುದು ಮೊದಲ ಸಲಹೆ. ಒಂದು ಲಕ್ಷ ರೂ. ಇದ್ದರೆ 20 ಮಂದಿಗೆ ತಲಾ 5,000 ಪ್ರವೇಶದ ದಿನವೇ ಕೊಡಬಹುದು. ವೇತನ ಬಂದಾಗ ಮರಳಿ ಪಡೆದು ಮುಂದಿನ ಜೂನ್‌ಗೆ ಮತ್ತೆ ಕೊಡಬಹುದು. ಕೆಲವರಿಂದ ಮರಳಿ ಬಾರದು ಎಂದು ಮೊದಲೇ ತಿಳಿದು, ವರ್ಷಕ್ಕೊಮ್ಮೆ ಸ್ವಲ್ಪ ಸೇರಿಸುತ್ತಾ ಹೋಗಬೇಕು. ಸಂತ ವಿನ್ಸೆಂಟ್ ದೆ ಪಾವ್ಲ್ ಸಭೆಗಳಿಗೆ ಇಂತಹ ಲೆಕ್ಕ ಹೊಸದಲ್ಲ. ಹಣವನ್ನು ಅಲ್ಲಿನ ಧರ್ಮಗುರುಗಳ ಅಥವಾ ಭಗಿನಿಯರ ನೋಂದಾಯಿತ ಸಂಸ್ಥೆಯ ಮೂಲಕವೇ ಕೊಡುವುದು ಕ್ಷೇಮ.

ಎರಡನೆಯದು ನಮ್ಮ ಊರಲ್ಲೇ ಆಗಬೇಕಾದದ್ದು. ಇಲ್ಲಿ ಕಟ್ಟಡ ಕೆಲಸ ಮಾಡುವ ರಾಯಚೂರಿನ ತಂದೆ ತಾಯಂದಿರು ಹಿಂದಿನ ಹನ್ನೆರಡು ತಿಂಗಳಲ್ಲಿ 90 ದಿನ ದುಡಿದಿದ್ದರೆ ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿಕೊಳ್ಳಬಹುದು. ಕಟ್ಟಡಗಳ ವೆಚ್ಚದ ಮೇಲೆ ಸಂಗ್ರಹಿಸುವ ಶೇ. 1 ಸೆಸ್ ಅದರ ಬಂಡವಾಳ. ನೋಂದಾಯಿತರ ಮಕ್ಕಳಿಗೆ ಶೈಕ್ಷಣಿಕ ಸಹಾಯಧನವಿದೆ. 2023ರಲ್ಲಿ ಸರ್ಕಾರ ಅದರ ಮೊತ್ತವನ್ನು ಬಹಳಷ್ಟು ಇಳಿಸಿತು, ವಿಷಯ ಉಚ್ಚ ನ್ಯಾಯಾಲಯಕ್ಕೂ ಹೋಯಿತು. ಆದರೂ ಕಾರ್ಡ್ ಮಾಡಿಸುವುದು ಬಿಡಬಾರದು, ಅಪಘಾತ ಮತ್ತು ಹೆರಿಗೆಯ ನೆರವೂ ಅದರಲ್ಲಿದೆ. ದುಡಿಮೆಯ ದೃಢೀಕರಣ ಪತ್ರಕ್ಕೆ ಸಹಿ ಹಾಕಬೇಕಾದವರು ಗುತ್ತಿಗೆದಾರರು. ನಮ್ಮ ಧರ್ಮಕೇಂದ್ರಗಳಲ್ಲಿ ಕಟ್ಟಡ ಗುತ್ತಿಗೆದಾರರು ಕಡಿಮೆ ಇಲ್ಲ.

ಅಪ್ಪ ಅಮ್ಮನ ಜೊತೆ ಇಲ್ಲಿಗೆ ಬಂದ ಮಕ್ಕಳನ್ನು ಕಂಡಾಗ ಊರಿನ ಶಾಲೆಯ ಹೆಸರು ಮತ್ತು ಸ್ಯಾಟ್ಸ್ ಸಂಖ್ಯೆ ಕೇಳಿ ಬರೆದುಕೊಳ್ಳಿ. ಕಡ್ಡಾಯ ಶಿಕ್ಷಣ ಹಕ್ಕು ಕಾಯಿದೆ, 2009ರ ಪ್ರಕಾರ 6ರಿಂದ 14 ವರ್ಷದ ಮಗುವನ್ನು ವರ್ಷದ ನಡುವೆ ಯಾವ ತಿಂಗಳಲ್ಲಿ ಬಂದರೂ ಶಾಲೆ ಸೇರಿಸಿಕೊಳ್ಳಬೇಕು. ವರ್ಗಾವಣೆ ಪತ್ರ ತಂದಿಲ್ಲ ಅಥವಾ ವಯಸ್ಸಿನ ದಾಖಲೆ ಇಲ್ಲ ಎಂದು ಮರಳಿ ಕಳುಹಿಸುವಂತಿಲ್ಲ. ಹತ್ತಿರದ ಸರ್ಕಾರಿ ಅಥವಾ ಅನುದಾನಿತ ಶಾಲೆಯ ಮುಖ್ಯೋಪಾಧ್ಯಾಯರು ಸ್ಯಾಟ್ಸ್ ಸಂಖ್ಯೆಯಿಂದ ಮಗುವಿನ ಹಿಂದಿನ ದಾಖಲೆ ನೋಡಬಹುದು, ಮತ್ತು ಕುಟುಂಬ ಊರಿಗೆ ಮರಳುವಾಗ ಅದೇ ಸಂಖ್ಯೆಯಲ್ಲಿ ಮಗುವನ್ನು ದೇವದುರ್ಗದ ಅಥವಾ ಮಾನ್ವಿಯ ಶಾಲೆಗೆ ವರ್ಗಾಯಿಸಬಹುದು.